ನೂರು ಗಜದೊಳಗಿನ ನಶ್ಯ

ಶೀನಣ್ಣನಿಗೆ ಬಂದ ಕಷ್ಟವೆಲ್ಲ ಬಂದದ್ದು ಒಂದು ಖಾಲಿ ಗುಟ್ಕಾ ಪ್ಯಾಕೆಟ್ಟಿನಿಂದ. ಅದೂ ಯಾರೋ ತಿಂದು ಬಿಸಾಕಿದ್ದು. ಒಂದು ಬೆಳಿಗ್ಗೆ ಹಾಲು ತರಲು ಬಾಗಿಲು ತೆಗೆದರೆ, ಹೆಂಡತಿ ಕೋಕಿಲಾ ಆಗಷ್ಟೇ ಹಾಕಿದ್ದ ರಂಗೋಲಿಯ ನಟ್ಟನಡುವೆ ಆ ಪ್ಯಾಕೆಟ್ಟು ಮದುವೆಮನೆಗೆ ಕರೆಯದೆ ಬಂದ ನೆಂಟನ ಹಾಗೆ ಜಂಬದಿಂದ ಕೂತಿತ್ತು. ಎತ್ತಿ ಮೂಸಿ ನೋಡಿದ. ಏಲಕ್ಕಿ ಪರಿಮಳ. ಪಕ್ಕದಲ್ಲೇ ಇನ್ನೊಂದು ಬಿದ್ದಿತ್ತು, ಅದು ಗುಲಾಬಿ.

"ತಂಬಾಕಿಗೆ ಏಲಕ್ಕಿ ಬೆರೆಸಿ ಎದುರುಗಡೆ ಸ್ಕೂಲಿನ ಮಕ್ಕಳಿಗೆ ಮಾರ್ತಿದಾರೆ ಅಂದ್ರೆ ಏನರ್ಥ? ಇದನ್ನ ಹೀಗೇ ಬಿಡಬಾರ್ದು ಕೋಕಿಲಾ!" ಎಂದು ಗುಡುಗಿದ. ಗುಡುಗಿದವನು ಒಳಗೆ ಹೋಗಿ, ಅಂಗಿ ಜೇಬಿನಿಂದ ಬೆಳ್ಳಿಯ ಡಬ್ಬಿ ತೆಗೆದು, ಎರಡು ಹೊಳ್ಳೆಗೂ ಒಂದೊಂದು ಚಿಟಿಕೆ ಗುಲಾಬಿ ನಶ್ಯ ಏರಿಸಿ, ತಲೆ ಚುರುಕಾದ ಮೇಲೆ ಅರ್ಜಿ ಬರೆಯಲು ಕೂತ.

ಇದರಲ್ಲಿ ನಗುವಂಥದ್ದೇನಿದೆ ಎಂದು ಯಾರಾದರೂ ಆಗ ಅವನನ್ನು ಕೇಳಿದ್ದರೆ ಅವನಿಗೆ ನಿಜವಾಗಿಯೂ ಗೊತ್ತಾಗುತ್ತಿರಲಿಲ್ಲ. ಬಸವನಗುಡಿಯ ಆ ರಸ್ತೆಯಲ್ಲಿ ನಶ್ಯವೆಂದರೆ ನೆಗಡಿಗೆ ಔಷಧ, ಮಧ್ಯಾಹ್ನದ ನಿದ್ದೆಗೆ ಮದ್ದು, ವಾದದಲ್ಲಿ ಉತ್ತರ ಹೊಳೆಯದಿದ್ದಾಗ ಎರಡು ನಿಮಿಷದ ವಾಯಿದೆ. ತಂಬಾಕು ಎಂದರೆ ಬೇರೆ. ಅದನ್ನು ಅಗಿಯುತ್ತಾರೆ, ಉಗುಳುತ್ತಾರೆ, ಸೇದುತ್ತಾರೆ. ಮರ್ಯಾದಸ್ಥರು ಅದರ ಗೋಜಿಗೆ ಹೋಗುವುದಿಲ್ಲ.

ಅರ್ಜಿ ಅಮೋಘವಾಗಿ ಬಂತು. ಟೆಲಿಫೋನ್ ಇಲಾಖೆಯಲ್ಲಿ ಮೂವತ್ತೈದು ವರ್ಷ ಕಡತ ಬರೆದ ಕೈ. ಶಾಲೆಯ ನೂರು ಗಜದೊಳಗೆ ತಂಬಾಕು ಮಾರಬಾರದೆಂಬ ಕಾನೂನು ಆಗ ಬಂದು ಇನ್ನೂ ಒಂದು ವರ್ಷವೂ ಆಗಿರಲಿಲ್ಲ. ಅದನ್ನೇ ಹಿಡಿದುಕೊಂಡು, "ರಸ್ತೆಯ ಮೂಲೆಯ ದೇವಯ್ಯನ ಅಂಗಡಿಯಲ್ಲಿ ಯಾವುದೇ ರೂಪದ, ಯಾವುದೇ ಪರಿಮಳದ ತಂಬಾಕಿನ ಪದಾರ್ಥವನ್ನು ಮಾರದಂತೆ ಕ್ರಮ ಜರುಗಿಸಬೇಕೆಂದು" ನಗರಪಾಲಿಕೆಯನ್ನು ಪ್ರಾರ್ಥಿಸಿದ. ನಲವತ್ತೇಳು ಜನ ಸಹಿ ಹಾಕಿದರು. ಅವರಲ್ಲಿ ಹನ್ನೊಂದು ಮಂದಿ ಸಹಿ ಹಾಕುವ ಮುಂಚೆ ಮೂಗು ಒರೆಸಿಕೊಂಡರು.

ಮೂರು ವಾರ ಏನೂ ಆಗಲಿಲ್ಲ. ನಾಲ್ಕನೇ ವಾರದ ಮಂಗಳವಾರ ಬೆಳಿಗ್ಗೆ ಎದುರು ಶಾಲೆಯ ಹೆಡ್‌ಮಿಸ್ ಶ್ರೀವಿದ್ಯಾ ಮೇಡಂ ಗೇಟು ತೆರೆದುಕೊಂಡು ಬಂದರು.

"ಶೀನಣ್ಣನವರೇ, ಸಂತೋಷದ ವಿಷಯ. ಇವತ್ತು ಮಧ್ಯಾಹ್ನ ಪಾಲಿಕೆಯ ಹೆಲ್ತ್ ಇನ್‌ಸ್ಪೆಕ್ಟರ್ ಬರ್ತಿದಾರೆ, ದೇವಯ್ಯನ ಅಂಗಡಿ ನೋಡೋಕೆ. ಅವರು ಬಂದಿರೋವಾಗ್ಲೇ ನಾಲ್ಕು ಗಂಟೆಗೆ ಸ್ಕೂಲಲ್ಲಿ ಒಂದು ಸಣ್ಣ ಫಂಕ್ಷನ್ ಇಟ್ಕೊಂಡಿದೀವಿ. ನಿಮಗೆ ಶಾಲು, ಹಾರ, ಹಣ್ಣಿನ ತಟ್ಟೆ. ಒಂದೆರಡು ಮಾತಾಡ್ಬೇಕು ನೀವು."

ಶಾಲು ಎಂಬ ಮಾತನ್ನು ಶೀನಣ್ಣ ಇನ್ನೊಮ್ಮೆ ಹೇಳಿಸಿಕೊಂಡ. ಇದಕ್ಕೊಂದು ಕಾರಣವಿದೆ. ಅವನು ನಿವೃತ್ತನಾದ ದಿನ ಊರಿಗೆ ಊರೇ ಬಂದ್. ಬಸ್ಸಿಲ್ಲ, ಆಟೋ ಇಲ್ಲ, ಆಫೀಸಿಗೆ ಬಂದವನು ಅವನೊಬ್ಬನೇ. ಬೀಳ್ಕೊಡುಗೆಗೆಂದು ತಂದಿಟ್ಟಿದ್ದ ಶಾಲು ಬೀರುವಿನಲ್ಲೇ ಉಳಿದು, ಮುಂದಿನ ತಿಂಗಳು ನಿವೃತ್ತನಾದ ಇನ್ನೊಬ್ಬನ ಹೆಗಲೇರಿತು. ಅವತ್ತು ಶೀನಣ್ಣ ಸಂಜೆ ಐದಕ್ಕೆ ತಾನೇ ದೀಪ ಆರಿಸಿ, ತಾನೇ ಬಾಗಿಲೆಳೆದುಕೊಂಡು, ನಡೆದುಕೊಂಡು ಮನೆಗೆ ಬಂದಿದ್ದ. ಯಾರ ಹತ್ತಿರವೂ ಹೇಳಿಕೊಳ್ಳದಿದ್ದರೂ ಆ ಶಾಲಿನ ಆಸೆ ಅವನ ಎದೆಯಲ್ಲಿ ಮುಳ್ಳಿನ ಹಾಗೆ ಉಳಿದುಬಿಟ್ಟಿತ್ತು. ಈ ಜನ್ಮದಲ್ಲಿ ಒಂದು ಶಾಲು, ಒಂದು ಚಪ್ಪಾಳೆ. ಅಷ್ಟು ಸಿಕ್ಕಿದ್ದರೆ ಸಾಕಿತ್ತು ಅವನಿಗೆ.

ಭಾಷಣ ಬರೆಯಬೇಕು. ಭಾಷಣಕ್ಕೆ ತಲೆ ಓಡಬೇಕು. ತಲೆ ಓಡಿಸುವ ಡಬ್ಬಿ ನೋಡಿದರೆ ಖಾಲಿ. ಎಂದಿನಂತೆ ದೇವಯ್ಯನ ಅಂಗಡಿಗೆ ಹೊರಟ. ಯಾರ ಅಂಗಡಿಯ ಮೇಲೆ ಅರ್ಜಿ ಬರೆದಿದ್ದನೋ ಅದೇ ಅಂಗಡಿ. ಅರ್ಜಿ ಬೇರೆ, ವ್ಯಾಪಾರ ಬೇರೆ ಎಂದು ಅವನ ಲೆಕ್ಕ.

"ಒಂದು ಪೊಟ್ಟಣ ಕೊಡಪ್ಪ ದೇವಯ್ಯ, ಗುಲಾಬಿದು."

ದೇವಯ್ಯ ಬಾಳೆಹಣ್ಣಿನ ಗೊನೆ ಕಟ್ಟುತ್ತಿದ್ದ. ತಿರುಗಿ ನೋಡಿದ, ನಮಸ್ಕಾರ ಮಾಡಿದ, ಮತ್ತೆ ಗೊನೆ ಕಟ್ಟಿದ.

"ನಶ್ಯ ಇಲ್ಲ ಸ್ವಾಮಿ."

"ಯಾಕೆ? ಮಾಲು ಬಂದಿಲ್ವಾ?"

"ಬಂದಿದೆ. ಮಾರಂಗಿಲ್ಲ. ನೀವೇ ಬರ್ದಿದೀರಲ್ಲ ಸ್ವಾಮಿ, 'ಯಾವುದೇ ರೂಪದ, ಯಾವುದೇ ಪರಿಮಳದ' ಅಂತ. ನೋಟೀಸಿನ ಜತೆ ನಿಮ್ಮ ಅರ್ಜಿನೂ ಕಳ್ಸಿದಾರೆ. ಬಲೇ ಚೆನ್ನಾಗಿದೆ ಭಾಷೆ."

"ಅಯ್ಯೋ, ಅದು ತಂಬಾಕಿನ ವಿಷಯ ಕಣಯ್ಯಾ. ಇದು ನಶ್ಯ!"

"ನಶ್ಯ ಯಾತರಲ್ಲಿ ಮಾಡ್ತಾರೆ ಅಂದ್ಕೊಂಡಿದೀರಿ ಸ್ವಾಮಿ? ಹುರಿಗಡಲೆ ಹಿಟ್ಟಲ್ಲಾ?"

ಶೀನಣ್ಣ ನಲವತ್ತು ವರ್ಷದಿಂದ ದಿನಕ್ಕೆ ಹತ್ತು ಸಲ ಮೂಗಿಗೆ ಏರಿಸುತ್ತಿದ್ದ ಪದಾರ್ಥ ಯಾವುದರದ್ದು ಎಂದು ಒಂದು ದಿನವೂ ಯೋಚಿಸಿರಲಿಲ್ಲ. ನಲವತ್ತೇಳು ಜನರ ಸಹಿ ಪಡೆದು ತನ್ನ ಮೂಗಿನ ಮೇಲೆ ತಾನೇ ಅರ್ಜಿ ಹಾಕಿಕೊಂಡ ಗಂಡಸು ಇಡೀ ಬೆಂಗಳೂರಿನಲ್ಲಿ ತಾನೊಬ್ಬನೇ ಇರಬೇಕೆಂದು ಅವನಿಗೆ ಅಲ್ಲೇ, ಬಾಳೆಗೊನೆಯ ಕೆಳಗೆ ನಿಂತು, ಜ್ಞಾನೋದಯವಾಯಿತು.

ಹಿಂದಿನಿಂದ ಛತ್ರಿಯ ಸದ್ದು ಬಂತು. ಪಕ್ಕದ ಮನೆಯ ಬದರೀನಾರಾಯಣರು. ಮೂವತ್ತು ವರ್ಷ ಸರ್ವೇಯರ್ ಆಗಿದ್ದವರು, ಜೇಬಿನಲ್ಲಿ ಟೇಪಿಲ್ಲದೆ ತರಕಾರಿಗೂ ಹೋಗುವವರಲ್ಲ. ಅವರಿಗೂ ನಶ್ಯ ಬೇಕಿತ್ತು. ಸುದ್ದಿ ಕೇಳಿ ಮುಖ ಕಪ್ಪಿಟ್ಟಿತು.

"ನೂರು ಗಜ ಅಂತ ತಾನೇ ಕಾನೂನು? ಅಳೆದೋರ್ಯಾರು? ಶೀನಣ್ಣ, ಹಿಡ್ಕೋ ಟೇಪು. ನೂರು ದಾಟಿದ್ರೆ ಅಂಗಡಿಯೂ ಉಳಿಯುತ್ತೆ, ನಾವೂ ಉಳೀತೀವಿ."

ಇಬ್ಬರೂ ಶಾಲೆಯ ಗೇಟಿನಿಂದ ಶುರು ಮಾಡಿದರು. ಒಬ್ಬರು ಟೇಪಿನ ತುದಿ ಹಿಡಿದು ಕುಕ್ಕರಗಾಲಲ್ಲಿ ಕೂರುವುದು, ಇನ್ನೊಬ್ಬರು ಸುಣ್ಣದ ಚೂರಿನಿಂದ ಗುರುತು ಹಾಕುವುದು. ದಾರಿಯಲ್ಲಿ ಹೋಗುವವರೆಲ್ಲ ನಿಂತು ನೋಡಿದರು. "ನೋಡ್ರೀ ಶೀನಣ್ಣನವರ ನಿಷ್ಠೆ, ಇನ್‌ಸ್ಪೆಕ್ಟರ್ ಬರೋ ಮುಂಚೆ ತಾವೇ ಅಳೀತಿದಾರೆ!" ಎಂದು ಸ್ಕೂಟರಿನವನೊಬ್ಬ ಕೈಮುಗಿದ. ಶೀನಣ್ಣ ರಸ್ತೆಯ ಮೇಲೆ ಕೂತಲ್ಲಿಂದಲೇ ಪ್ರತಿನಮಸ್ಕಾರ ಮಾಡಿದ.

ದೇವಯ್ಯನ ಅಂಗಡಿ ಎಂಬತ್ತನಾಲ್ಕು ಗಜಕ್ಕೆ ಬಂತು.

"ನೇರ ಅಳೆದ್ರೆ ಎಂಬತ್ನಾಲ್ಕು" ಎಂದರು ಬದರೀನಾರಾಯಣರು. "ಆದ್ರೆ ಮನುಷ್ಯ ನೇರ ನಡೀತಾನೇನು? ಮರ ಇದೆ, ಸುತ್ತಿಕೊಂಡು ಹೋಗ್ಬೇಕು. ಮೋರಿ ಇದೆ, ದಾಟ್ಬೇಕು."

ಮತ್ತೆ ಅಳೆದರು. ಹೊಂಗೆಮರ ಸುತ್ತಿದರು, ಮಲಗಿದ್ದ ಹಸುವನ್ನು ಸುತ್ತಿದರು, ನಿಂತಿದ್ದ ಅಂಬಾಸಿಡರ್ ಕಾರನ್ನು ಒಂದೂವರೆ ಸುತ್ತು ಹಾಕಿದರು. ತೊಂಬತ್ತಾರು. ಇನ್ನು ನಾಲ್ಕು ಗಜ ಕೊಡಬಲ್ಲ ಹಸುವಿಗಾಗಿ ಶೀನಣ್ಣ ರಸ್ತೆಯ ಎರಡೂ ಕಡೆ ಕಣ್ಣು ಹಾಯಿಸಿದ. ಇದ್ದ ಒಂದೂ ಅಷ್ಟರಲ್ಲಿ ಎದ್ದು ಹೋಯಿತು.

ಸೋತು ಅಂಗಡಿಯ ಮುಂದೆ ನಿಂತವರನ್ನು ನೋಡಿ ದೇವಯ್ಯನಿಗೇ ಮರುಕ ಬಂತು. ಕೆಳಗಿನಿಂದ ಒಂದು ದೊಡ್ಡ ತಗಡಿನ ಡಬ್ಬ ಎತ್ತಿ ಹಲಗೆಯ ಮೇಲಿಟ್ಟ.

"ನೋಡಿ ಸ್ವಾಮಿ, ಗುಟ್ಕಾ, ಸಿಗರೇಟು ಎಲ್ಲ ನಿನ್ನೇನೇ ಹನುಮಂತನಗರದ ನಮ್ಮ ಬಾಮೈದನ ಅಂಗಡಿಗೆ ಸಾಗಿಸ್ಬಿಟ್ಟೆ. ಉಳಿದಿರೋದು ಇದೊಂದೇ. ಇದನ್ನ ತರ್ಸೋದೇ ನಿಮ್ಮಂಥೋರಿಗೆ. ಸಂಜೆವರ್ಗೂ ನಿಮ್ಮ ಮನೇಲಿಟ್ಕೊಳ್ಳಿ. ಕಂಪ್ಲೇಂಟ್ ಕೊಟ್ಟೋರ ಮನೇನ ಯಾರು ಹುಡುಕ್ತಾರೆ?"

ಬೇಡ ಎನ್ನಬೇಕಿತ್ತು. ಬೇಡ ಎನ್ನಲು ಬಾಯಿ ತೆರೆದ ಶೀನಣ್ಣನ ಮೂಗಿಗೆ ಡಬ್ಬದ ಮುಚ್ಚಳದ ಸಂದಿನಿಂದ ಗುಲಾಬಿಯ ಘಮ ಬಡಿಯಿತು. ಎರಡು ಕಟ್ಟು ದಂಟಿನ ಸೊಪ್ಪು ಕೊಂಡು, ಡಬ್ಬವನ್ನು ಚೀಲದ ತಳಕ್ಕೆ ಹಾಕಿ, ಮೇಲೆ ಸೊಪ್ಪು ಮುಚ್ಚಿ ಮನೆಗೆ ತಂದ.

ಕೋಕಿಲಾ ಚೀಲಕ್ಕೆ ಕೈಹಾಕಿದವಳೇ ಗಕ್ಕನೆ ನಿಂತಳು.

"ಏನ್ರೀ ಇದು, ಸೊಪ್ಪಿನ ಕೆಳಗೆ ಇನ್ನೊಂದು ಸೊಪ್ಪು?"

"ಸಂಜೆವರ್ಗೂ ಅಷ್ಟೇ ಕಣೇ."

"ಸಂಜೆ ಇದರ ವಿರುದ್ಧ ಭಾಷಣ ಮಾಡೋರು ನೀವೇ ತಾನೆ? ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ ಅಂತಾರಲ್ಲ, ಅದನ್ನ ಕಣ್ಣಾರೆ ನೋಡ್ದಂಗಾಯ್ತು. ನಾಲ್ಕು ಗಂಟೆಗೆ ಮುಂಚೆ ಮೂಗಾದ್ರೂ ತೊಳ್ಕೊಳ್ಳಿ." ಅವಳು ಸೊಪ್ಪು ತೆಗೆದುಕೊಂಡು ಒಳಗೆ ಹೋದಳು. ಡಬ್ಬವನ್ನು ಮುಟ್ಟಲಿಲ್ಲ.

ಶೀನಣ್ಣ ಜಗಲಿಯ ಬೆತ್ತದ ಕುರ್ಚಿಯಲ್ಲಿ ಕೂತು, ಡಬ್ಬವನ್ನು ಪಂಚೆಯ ಮರೆಯಲ್ಲಿ ಇಟ್ಟುಕೊಂಡು ಒಂದು ಚಿಟಿಕೆ ಏರಿಸಿದ. ಸ್ವರ್ಗ. "ಸಭಿಕರೇ, ತಂಬಾಕೆಂಬ ಮಹಾಮಾರಿ" ಎಂದು ಬರೆದ. ಸೀನಿದ. ಮುಂದಿನ ಸಾಲು ತಾನಾಗಿ ಬಂತು.

ಎರಡು ಗಂಟೆಗೆ ಬದರೀನಾರಾಯಣರು ಬಂದರು. "ಒಂದು ಪೊಟ್ಟಣ ಕೊಡಪ್ಪ. ತಲೆ ಕಲ್ಲಾಗಿದೆ."

ಕಟ್ಟಿಕೊಡಲು ಕಾಗದ ಬೇಕಿತ್ತು. ಕೈಗೆ ಸಿಕ್ಕಿದ್ದು ಪಾಲಿಕೆಯಲ್ಲಿ ಮುದ್ರೆ ಒತ್ತಿಸಿಕೊಂಡು ಬಂದ ಅರ್ಜಿಯ ಮಿಕ್ಕ ಜೆರಾಕ್ಸ್ ಪ್ರತಿಗಳು. ಒಂದನ್ನು ನಾಲ್ಕು ಮಾಡಿ ಹರಿದು, ಉಪ್ಪಿನ ಚಮಚದಿಂದ ಒಂದು ಚಮಚ ಹಾಕಿ ಮಡಿಸಿ ಕೊಟ್ಟ. ಬದರೀನಾರಾಯಣರು ಜೇಬಿಗೆ ಕೈಹಾಕಿ ಎರಡು ರೂಪಾಯಿ ಚಾಚಿದರು.

"ಅಯ್ಯೋ, ದುಡ್ಡು ಯಾಕೆ? ನಮ್ಮನಮ್ಮಲ್ಲಿ..."

"ಛೆ ಛೆ! ಎಳ್ಳು, ಉಪ್ಪು, ನಶ್ಯ ಪುಕ್ಕಟೆ ಇಸ್ಕೋಬಾರ್ದು ಶೀನಣ್ಣ. ಋಣ ಉಳಿಯುತ್ತೆ. ಮುಂದಿನ ಜನ್ಮದಲ್ಲಿ ನಿನ್ನ ಮನೆ ಎತ್ತಾಗಿ ಹುಟ್ಟಿ ತೀರಿಸ್ಬೇಕಾಗುತ್ತೆ. ನನಗೆ ಮಂಡಿನೋವು ಬೇರೆ."

ಶೀನಣ್ಣ ಕೈ ಹಿಂದಕ್ಕೆಳೆದುಕೊಂಡ. ಅವರು ಬಿಡಲಿಲ್ಲ. ಜಗಲಿಯ ಮೇಲೆ ಕೋಕಿಲಾ ಹೂವಿಗೆಂದು ಇಟ್ಟಿದ್ದ ಹಿತ್ತಾಳೆ ತಟ್ಟೆಯಲ್ಲಿ ನಾಣ್ಯ ಹಾಕಿಯೇ ಇಳಿದರು. "ಯಾರಿಗೂ ಹೇಳ್ಬೇಡಿ" ಎಂದು ಶೀನಣ್ಣ ಗೇಟಿನವರೆಗೂ ಬೇಡಿಕೊಂಡ. "ನಾನ್ಯಾಕೆ ಹೇಳ್ಲಿ" ಎಂದವರು ಮುಂದಿನ ಹತ್ತು ಮನೆಗಳಿಗೂ ಹೋಗಿ, ಪ್ರತಿಯೊಬ್ಬರಿಗೂ ಯಾರಿಗೂ ಹೇಳಬೇಡಿ ಎಂದು ಹೇಳಿಬಂದರು.

ಎರಡೂವರೆಗೆ ಇಬ್ಬರು, ಎರಡೂಮುಕ್ಕಾಲಿಗೆ ಐವರು. ಬಂದವರೆಲ್ಲ ತಟ್ಟೆ ನೋಡಿದರು, ತಟ್ಟೆಯಲ್ಲಿ ನಾಣ್ಯ ನೋಡಿದರು. ಮಂಗಳಾರತಿ ತಟ್ಟೆ ಕಂಡರೆ ಕೈ ತಾನಾಗಿ ಜೇಬಿಗೆ ಹೋಗುವ ಬೀದಿ ಅದು. ಬೇಡ ಬೇಡ ಎಂದು ಶೀನಣ್ಣ ಗೋಗರೆದಷ್ಟೂ "ನಮಗ್ಯಾಕೆ ನಿಮ್ಮ ಋಣ" ಎಂದು ಅವರು ಹಾಕಿದರು. ತಟ್ಟೆಯನ್ನು ಒಳಗಿಡಲು ಹೋದ. "ಎಲ್ರಿಗಿಂತ ನಾವೇನು ಕಮ್ಮಿ, ಇಡ್ರೀ ಕೆಳಗೆ" ಎಂದು ಗಟ್ಟಿಯಾಗಿ ಗದರಿದವರು ಎಂಬತ್ತರ ಮುದುಕರೊಬ್ಬರು. ಆಮೇಲೆ ಅವನು ಬೇಡ ಎನ್ನುವುದನ್ನೂ ಬಿಟ್ಟ. ಮೂರೂಕಾಲರ ಹೊತ್ತಿಗೆ ಸಾಲು ಗೇಟು ದಾಟಿ ರಸ್ತೆಗೆ ಬಂದಿತ್ತು. ಮೂವತ್ತೈದು ವರ್ಷ ಸರ್ಕಾರಿ ಕೌಂಟರಿನ ಹಿಂದೆ ಕೂತ ದೇಹ, ಎದುರಿಗೊಂದು ಸಾಲು ಕಂಡರೆ ಬುದ್ಧಿಯ ಮಾತು ಕೇಳುವುದಿಲ್ಲ. ಕೈ ಪಟಪಟನೆ ಕಾಗದ ಹರಿಯುತ್ತಿತ್ತು, ಚಮಚ ತುಂಬುತ್ತಿತ್ತು, ಮಡಿಸುತ್ತಿತ್ತು. ತಲೆಯೆತ್ತದೆ "ನೆಕ್ಸ್ಟ್" ಎನ್ನುವುದೂ ಶುರುವಾಯಿತು.

ಇತ್ತ ಹೆಲ್ತ್ ಇನ್‌ಸ್ಪೆಕ್ಟರ್ ಸತೀಶ್ ಸರಿಯಾಗಿ ಮೂರು ಗಂಟೆಗೆ ದೇವಯ್ಯನ ಅಂಗಡಿಗೆ ಬಂದಿದ್ದ. ಹೊಸಬ, ಇಪ್ಪತ್ತೆಂಟರ ಹುಡುಗ, ಕಂಕುಳಲ್ಲಿ ರಸೀದಿ ಪುಸ್ತಕ. ಅಂಗಡಿಯಲ್ಲಿ ಹುಡುಕಿ ಹುಡುಕಿ ಅವನಿಗೆ ಸಿಕ್ಕಿದ್ದು ಬಾಳೆಹಣ್ಣು, ಪೆಪ್ಪರ್‌ಮೆಂಟು, ಕಡಲೆಮಿಠಾಯಿ. "ಭೇಷ್" ಎಂದು ಬರೆದುಕೊಂಡ. ಸನ್ಮಾನಿತರನ್ನು ತಾನೇ ಕರೆದುಕೊಂಡು ಫಂಕ್ಷನ್ನಿಗೆ ಹೋಗೋಣ, ಅದೇ ಮರ್ಯಾದೆ ಎಂದುಕೊಂಡು ಮನೆ ಕೇಳಿದ. ದಾರಿ ತೋರಿಸಲು ದೇವಯ್ಯನೂ ಜೊತೆಗೆ ಹೊರಟ.

ಗೇಟಿನ ಹತ್ತಿರ ಸಾಲು ನೋಡಿ ಸತೀಶ್ ಬೆರಗಾದ. "ಏನಿದು, ಮನೇಲಿ ಪೂಜೇನಾ?"

"ಮೊದಲು ಲೈನಲ್ಲಿ ನಿಂತ್ಕೋಪ್ಪ, ಆಮೇಲೆ ಪ್ರಶ್ನೆ" ಎಂದರು ಎಂಬತ್ತರ ಮುದುಕರು. ದೇವಯ್ಯ ಏನೋ ಹೇಳಲು ಹೋದವನು, ಹೇಳಿದರೆ ಡಬ್ಬ ಯಾರದೆಂಬ ಮಾತೂ ಬರುತ್ತದೆಂದು ಹೊಳೆದು, ಬಾಯಿ ಮುಚ್ಚಿಕೊಂಡು ಹೊಂಗೆಮರದ ಆಚೆ ನಿಂತ. ಪ್ರಸಾದವಿರಬೇಕೆಂದು ಭಾವಿಸಿದ ಸತೀಶ್ ಭಕ್ತಿಯಿಂದ ಚಪ್ಪಲಿ ಬಿಟ್ಟು ಸಾಲಿನಲ್ಲಿ ನಿಂತ. ಹತ್ತು ನಿಮಿಷಕ್ಕೆ ಅವನ ಸರದಿ ಬಂತು.

"ನೆಕ್ಸ್ಟ್. ಸಣ್ಣದಾ, ದೊಡ್ಡದಾ?" ಎಂದ ಶೀನಣ್ಣ ತಲೆಯೆತ್ತದೆ.

"ಸಣ್ಣದೇ ಸಾಕು ಸಾರ್."

ಮುಂದೆ ನಿಂತಿದ್ದವರು ಮಾಡಿದಂತೆ ಸತೀಶನೂ ಎರಡು ರೂಪಾಯಿ ತಟ್ಟೆಗೆ ಹಾಕಿ, ಎರಡೂ ಕೈ ಚಾಚಿ ಪೊಟ್ಟಣ ತೆಗೆದುಕೊಂಡ. ಕಣ್ಣಿಗೊತ್ತಿಕೊಂಡು ಬಿಚ್ಚಿದ. ಮೂಸಿದ. ಏಳು ಸಲ ಸೀನಿದ. ಎಂಟನೆಯ ಸೀನಿನ ಹೊತ್ತಿಗೆ ಅವನ ಕಣ್ಣು ಪೊಟ್ಟಣದ ಕಾಗದದ ಮೇಲೆ ಬಿತ್ತು. ತನ್ನದೇ ಆಫೀಸಿನ ಸ್ವೀಕೃತಿ ಮುದ್ರೆ.

"ಸಾರ್" ಎಂದ, ಕಣ್ಣೀರು ಒರೆಸಿಕೊಳ್ಳುತ್ತ. "ನಾನು ಹೆಲ್ತ್ ಇನ್‌ಸ್ಪೆಕ್ಟರ್ ಸತೀಶ್. ಶೀನಣ್ಣನವರು ಅಂದ್ರೆ..."

ಶೀನಣ್ಣನ ಕೈಯಿಂದ ಚಮಚ ಬಿತ್ತು. ಸಾಲು ಮಾಯವಾಯಿತು. ಮಂಡಿನೋವಿನವರು ಕೂಡ ಕಾಂಪೌಂಡು ಹಾರುವುದನ್ನು ಅವತ್ತು ಆ ಬೀದಿ ನೋಡಿತು.

"ಇದು ಮಾರಾಟ ಅಲ್ಲಪ್ಪ, ದೇವರಾಣೆ. ಅದು ಋಣ... ಅಂದ್ರೆ, ಎಳ್ಳು ಇಸ್ಕೊಂಡ್ರೆ ಕಾಸು ಕೊಡ್ತಾರಲ್ಲ, ಹಾಗೆ..."

"ನನಗೆ ಅರ್ಥವಾಗುತ್ತೆ ಸಾರ್, ನಮ್ಮಜ್ಜೀನೂ ಹಾಗೇ ಮಾಡ್ತಿದ್ರು. ಆದ್ರೆ ಋಣಕ್ಕೆ ನಮ್ಮ ಫಾರಮ್ಮಲ್ಲಿ ಕಾಲಂ ಇಲ್ಲ. ನಾನೇ ದುಡ್ಡು ಕೊಟ್ಟು ತೊಗೊಂಡಿದೀನಿ. ಈಗ ಸ್ಕೂಲ್ ಗೇಟಿಂದ ದೂರ ಒಂದು ಅಳೀಬೇಕು."

"ಹದಿನೇಳು ಗಜ" ಎಂದಿತು ಪಕ್ಕದ ಕಾಂಪೌಂಡಿನ ಆಚೆಯಿಂದ ಬದರೀನಾರಾಯಣರ ದನಿ. ಲೆಕ್ಕ ತಪ್ಪಾದರೆ ಸಹಿಸುವವರಲ್ಲ. "ಬೆಳಿಗ್ಗೆ ಅಂಗಡಿಗೆ ಅಳೆಯೋವಾಗ ಈ ಗೇಟಿಗೂ ನಾನೇ ಅಳೆದಿದೀನಿ, ಬೇಕಾದ್ರೆ ಸೈನ್ ಹಾಕ್ತೀನಿ."

ಮಹಜರಿಗೆ ಇಬ್ಬರು ಸಾಕ್ಷಿ ಬೇಕು. ಒಬ್ಬರು ಸಿಕ್ಕಿದರು. ಇನ್ನೊಬ್ಬನಾಗಿ, ಈ ರಸ್ತೆಯಲ್ಲಿ ತಂಬಾಕು ಮುಟ್ಟದ ಏಕೈಕ ವ್ಯಾಪಾರಿ ಎಂದು ಸತೀಶ್ ದೇವಯ್ಯನನ್ನು ಮರದ ಹಿಂದಿನಿಂದ ಕರೆದ. ದೇವಯ್ಯ ಕಣ್ಣಲ್ಲೇ ಶೀನಣ್ಣನ ಕ್ಷಮೆ ಕೇಳಿದ. ಕೇಳಿದವನು ಸಹಿಯನ್ನೂ ಹಾಕಿದ. ಡಬ್ಬ ಯಾರದೆಂದು ಶೀನಣ್ಣ ಹೇಳಿಬಿಡಬಹುದಿತ್ತು. ಆದರೆ ದೇವಯ್ಯ ಉಪಕಾರ ಮಾಡಲು ಹೋಗಿ ಸಿಕ್ಕಿಕೊಳ್ಳುವುದು ಶೀನಣ್ಣನಿಗೆ ಸರಿ ಕಾಣಲಿಲ್ಲ, ಆಸೆಪಟ್ಟು ಹೊತ್ತು ತಂದವನು ತಾನೇ. ಇನ್ನೂರು ರೂಪಾಯಿ ದಂಡಕ್ಕೆ ರಸೀದಿ ಹರಿಯುವಾಗ ಸತೀಶ್ ಸಂಕೋಚದಿಂದ, "ನಮ್ಮ ವಾರ್ಡಿನಲ್ಲಿ ಈ ಕಾನೂನಿನ ಕೆಳಗೆ ಮೊದಲನೇ ರಸೀದಿ ಸಾರ್, ಒಂದನೇ ನಂಬರು" ಎಂದ. ಮೂವತ್ತೈದು ವರ್ಷದ ನೌಕರಿಯಲ್ಲಿ ಯಾವುದರಲ್ಲೂ ಮೊದಲನೆಯವನಾಗದ ಶೀನಣ್ಣ ಅದನ್ನು ಮಡಿಸಿ ಜೇಬಿಗಿಟ್ಟುಕೊಂಡ.

ಕೋಕಿಲಾ ಬಾಗಿಲಲ್ಲಿ ನಿಂತು ಎಲ್ಲವನ್ನೂ ನೋಡಿದ್ದಳು. ಬೈಯುತ್ತಾಳೆಂದುಕೊಂಡ. ಅವಳು ಒಗೆದಿಟ್ಟ ಪಂಚೆ ತಂದುಕೊಟ್ಟು, "ಉಟ್ಕೊಳ್ಳಿ, ಹೊತ್ತಾಯ್ತು. ಕರ್ದಿದಾರೆ, ಹೋಗ್ಬೇಕು" ಎಂದಳು. ಅವನಿಗೆ ಅತ್ತುಬಿಡಬೇಕು ಎನ್ನಿಸಿತು.

ಶಾಲೆಯ ಹಾಲಿನಲ್ಲಿ ನಾನೂರು ಮಕ್ಕಳು ಕೂತಿದ್ದರು. ಸುದ್ದಿ ಶೀನಣ್ಣನಿಗಿಂತ ಮುಂಚೆ ಬಂದು ಕೂತಿತ್ತು. ಶ್ರೀವಿದ್ಯಾ ಮೇಡಂ ವೇದಿಕೆಯ ಬದಿಯಲ್ಲೇ ಶೀನಣ್ಣನನ್ನು ತಡೆದರು. ಮುಖದಲ್ಲಿ ನಿಜವಾದ ಸಂಕಟವಿತ್ತು.

"ದಯವಿಟ್ಟು ತಪ್ಪು ತಿಳ್ಕೋಬೇಡಿ. ನಿಮ್ಮ ಮನಸ್ಸು ಎಂಥದ್ದು ಅಂತ ನನಗೆ ಗೊತ್ತು. ಆದ್ರೆ ಮಕ್ಕಳ ಮುಂದೆ... ಅರ್ಧ ಗಂಟೆ ಹಿಂದೆ ಫೈನ್ ಕಟ್ಟಿದೋರಿಗೆ... ಹೇಗೆ ಹೇಳ್ಲಿ?"

"ಬೇಡ ಮೇಡಂ. ಸನ್ಮಾನ ಬಿಟ್ಬಿಡಿ."

"ಬಿಡೋಕಾಗಲ್ಲ, ಶಾಲು ತಂದಾಗಿದೆ, ಹಾರ ಬಾಡುತ್ತೆ. ಅದಕ್ಕೆ ಇನ್‌ಸ್ಪೆಕ್ಟರ್ ಒಂದು ದಾರಿ ಹೇಳಿದ್ರು. ತಾನಾಗಿ ತಂಬಾಕು ಮಾರೋದು ಬಿಟ್ಟ ಅಂಗಡಿಯವರು ವಾರ್ಡಿಗೆಲ್ಲ ಒಬ್ರೇ ಇರೋದಂತೆ. ಅವರಿಗೇ ಮಾಡೋಣ ಅಂದ್ರು. ಹಿರಿಯರು ನೀವು, ನಿಮ್ಮ ಕೈಯಿಂದಲೇ ಹೊದೆಸಿದ್ರೆ ಎಲ್ರಿಗೂ ಸಮಾಧಾನ."

ಬೀಳ್ಕೊಡುಗೆಯ ಶಾಲು ಬೇರೆಯವನ ಹೆಗಲಿಗೆ ಹೋದದ್ದನ್ನು ಅಂದು ಶೀನಣ್ಣ ಕಣ್ಣಾರೆ ನೋಡಿರಲಿಲ್ಲ. ಇಂದು ಅದನ್ನು ತಾನೇ ಬಿಡಿಸಿ, ತಾನೇ ಹೊದೆಸಬೇಕಾಯಿತು. ಒಳ್ಳೆಯ ಶಾಲು, ಮೈಸೂರು ಜರಿಯ ಅಂಚು. ದೇವಯ್ಯ ಕುರ್ಚಿಯ ತುದಿಯಲ್ಲಿ ಮುಳ್ಳಿನ ಮೇಲೆ ಕೂತವನ ಹಾಗೆ ಕೂತಿದ್ದ. ಮಕ್ಕಳು ಚಪ್ಪಾಳೆ ತಟ್ಟಿದರು, ಸತೀಶ್ ತಟ್ಟಿದ, ಎಲ್ಲಿಂದಲೋ ನುಸುಳಿ ಬಂದು ಹಿಂದಿನ ಸಾಲಿನಲ್ಲಿ ಕೂತಿದ್ದ ಹನ್ನೊಂದು ಮಂದಿ ಹಿರಿಯರೂ ಮೂಗು ಒರೆಸಿಕೊಂಡು ತಟ್ಟಿದರು.

ಶಾಲು ಹೊದೆಸಲು ಬಗ್ಗಿದಾಗ ದೇವಯ್ಯ ತುಟಿ ಅಲುಗಿಸದೆ ಉಸುರಿದ. "ಸ್ವಾಮಿ, ಮನಸ್ಸಿಗೆ ಹಚ್ಕೋಬೇಡಿ. ಹನುಮಂತನಗರದಲ್ಲಿ ನಮ್ಮ ಬಾಮೈದನ ಅಂಗಡೀಲಿ ಗುಲಾಬಿ ಐತೆ, ಲವಂಗದ್ದೂ ಐತೆ. ಸುತ್ತಮುತ್ತ ಒಂದು ಸ್ಕೂಲೂ ಇಲ್ಲ."

ಶೀನಣ್ಣನಿಗೆ ಮೈಯೆಲ್ಲ ಉರಿಯಿತು. ನಾನೂರು ಮಕ್ಕಳ ಎದುರು, ಜನ್ಮಕ್ಕೊಂದು ಬಯಸಿದ ಶಾಲನ್ನು ಇನ್ನೊಬ್ಬನಿಗೆ ಹೊದೆಸುತ್ತಿರುವ ಈ ಗಳಿಗೆಯಲ್ಲಾದರೂ ಮನುಷ್ಯನಿಗೆ ವೈರಾಗ್ಯ ಬರಬೇಕು, ಇನ್ನು ಮುಟ್ಟುವುದಿಲ್ಲ ಎಂದು ಆಣೆಯಿಡಬೇಕು. ಹಾಗೆಂದು ಅವನು ತನಗೆ ತಾನೇ ಖಡಾಖಂಡಿತವಾಗಿ ಹೇಳಿಕೊಂಡ. ಆಮೇಲೆ ಶಾಲಿನ ಅಂಚು ಸರಿಮಾಡುವ ನೆಪದಲ್ಲಿ ಇನ್ನಷ್ಟು ಬಗ್ಗಿ, ದೇವಯ್ಯನ ಕಿವಿಯಲ್ಲಿ ಕೇಳಿದ:

"ಎಷ್ಟು ಗಂಟೆವರೆಗೆ ತೆಗೆದಿರುತ್ತಪ್ಪಾ?"